ಕಟ್ಟಿದವರಿಂದಲೇ ಬಿಚ್ಚಿಸತಕ್ಕದ್ದೆಂಬ ನಿಯಮದ ಕುರಿತು

ಬೋಟು ಸಾಗಾಟ ಕಂಪನಿಯ ಪೂರ್ವಸಿದ್ಧತಾ ನಿಯಮಗಳ ಅಧಿಕಾರಿಗಳ ಸನ್ನಿಧಾನಕ್ಕೆ, ಕೆಂಟಕಿಯ ನದಿದಂಡೆಯಿಂದ ಸುಪೀರಿಯರ್ ಸರೋವರದವರೆಗೆ ಒಂಬೈನೂರು ಮೈಲಿ ತಮ್ಮ ಟ್ರೈಲರಿನ ಬೆನ್ನಿಗೇ ಕಾರು ಓಡಿಸಿಕೊಂಡು ಬಂದ ಮರ್ಲ್ ಟಾಲಿವರ್ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ಟ್ರೈಲರಿನ ಮೇಲೆ ಕೂತ ಬೋಟು ರಸ್ತೆಯಿಂದ ಹದಿಮೂರೂವರೆ ಅಡಿ ಮೀರಬಾರದೆಂಬ ತಮ್ಮ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಸೇತುವೆಗಳು ಯಾರ ಮುಲಾಜಿಗೂ ಮೇಲೇಳುವುದಿಲ್ಲ. ಛಾವಣಿಯ ಮೇಲೆ ಕೂತು ಬೋಟು ನಡೆಸಲೆಂದು ಕಟ್ಟಿಸಿದ ಮೇಲಟ್ಟ, ಕುರ್ಚಿ, ಗಾಜು, ಚುಕ್ಕಾಣಿ ಸಮೇತ, ಹದಿನಾರು ಅಡಿಗೆ ಹೋಗಿ ನಿಲ್ಲುತ್ತಿತ್ತು. ನನ್ನ ದೂರಿರುವುದು ಏಳನೆಯ ಪುಟದ ಒಂದು ಸಾಲಿನ ಮೇಲೆ: 'ಮೇಲಟ್ಟವನ್ನು ಸಾಧ್ಯವಾದಷ್ಟೂ ಕಟ್ಟಿದವರಿಂದಲೇ ಬಿಚ್ಚಿಸತಕ್ಕದ್ದು.'

ಅದನ್ನು ಕಟ್ಟಿದವನು ನನ್ನ ತಮ್ಮ ಹಾಲಿಸ್. ನಾಲ್ಕು ವರ್ಷದ ಹಿಂದೆ, ನಮ್ಮ ತಂಗಿಯ ಮದುವೆಯ ಊಟದಲ್ಲಿ, ಅವನು ಕಟ್ಟಿದ ಮೇಲಟ್ಟ ಕೋಳಿಗೂಡಿನ ಹಾಗೆ ಕಿರುಗುಟ್ಟುತ್ತದೆಂದು ನಾನು ನಲವತ್ತು ಜನರೆದುರು ಹೇಳಿದೆ. ಅಂದಿನಿಂದ ನಾವು ಮಾತಾಡಿರಲಿಲ್ಲ. ಇಬ್ಬರೂ ಕಷ್ಟಪಟ್ಟು, ಒಂದು ದಿನವೂ ತಪ್ಪಿಸದೆ ಕಾಪಾಡಿಕೊಂಡು ಬಂದ ಮೌನ ಅದು.

ಅದನ್ನು ಉಳಿಸಿಕೊಳ್ಳಲು ನಾನು ಪಟ್ಟ ಪ್ರಯತ್ನವನ್ನು ತಾವು ಮೆಚ್ಚಬೇಕು. ಆರು ದಿನ ಒಬ್ಬನೇ ಬಿಚ್ಚಿದೆ. ಮೂರು ಬೋಲ್ಟು ಹೊರಬಂದವು, ಎರಡು ಸ್ಪ್ಯಾನರ್ ಮುರಿದವು. ಮಿಕ್ಕ ಬೋಲ್ಟುಗಳನ್ನು ಅವನು ಎಲ್ಲಿ ಅಡಗಿಸಿದ್ದನೋ ಕಾಣಲೇ ಇಲ್ಲ. ನಾನು ಮನೆ ಮಾರಿಯಾಗಿತ್ತು. ಜೂನ್ ಒಂದಕ್ಕೆ ಇಲ್ಲಿನ ಬಂದರಿನಲ್ಲಿ ಕಾವಲುಗಾರನಾಗಿ ಸೇರಬೇಕು, ಬೋಟಿನಲ್ಲೇ ವಾಸ. ತಮ್ಮ ಲಾರಿ ತಪ್ಪಿದರೆ ಮುಂದಿನದು ಆಗಸ್ಟಿಗೆ, ಅಷ್ಟರಲ್ಲಿ ಕೆಲಸವೂ ಇಲ್ಲ, ಸೂರೂ ಇಲ್ಲ. ಹಾಗಾಗಿ ಏಳನೆಯ ದಿನ ಫೋನು ಮಾಡಿದೆ.

"ಯಾರು?" ಅಂದ.

"ನಾನು ಕಣೋ, ಮರ್ಲ್."

"ಯಾರು ಹೋದ್ರು?" ಅಂದ.

"ಯಾರೂ ಹೋಗಿಲ್ಲ. ಮೇಲಟ್ಟ ಬಿಚ್ಚಬೇಕು."

"ಅದೂ ಒಂದು ಸಾವೇ. ನಾಳೆ ಬರ್ತೀನಿ, ಅಲ್ಲೀವರೆಗೆ ನೀನು ಏನೂ ಮುಟ್ಬೇಡ."

ಬಂದವನು ನಾನು ಮುರಿದ ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಸಾಲಾಗಿ ಜೋಡಿಸಿಟ್ಟ. ಕುರ್ಚಿಗಳ ಕೆಳಗೆ, ಕಂಬದ ಒಳಗೆ ಕೈಹಾಕಿ ಬೋಲ್ಟುಗಳನ್ನು ಹೊರತೆಗೆದ. ಅವನು ವೈರು ಬಿಡಿಸಿದ ಹಾಗೆ ನಾನು ಟೇಪು ಅಂಟಿಸಿ ಹೆಸರು ಬರೆದೆ. ಕ್ರೇನಿನವರು ಮೇಲಟ್ಟವನ್ನು ಎತ್ತಿ, ಬೋಟಿನ ಮುಂಭಾಗದಲ್ಲಿ ಹಾಸಿದ ನನ್ನ ಹಳೆಯ ಹಾಸಿಗೆಯ ಮೇಲೆ ಮಲಗಿಸಿದರು. ಬೋಲ್ಟಿನ ತೂತುಗಳಿಗೆಲ್ಲ ಟೇಪು ಅಂಟಿಸಿ, ಟಾರ್ಪಾಲು ಗಾಳಿಗೆ ಬಡಿದುಕೊಂಡು ಬಣ್ಣ ಕೆರೆಯುತ್ತದೆಂಬ ತಮ್ಮ ಉಪದೇಶದಂತೆ ಪ್ಲಾಸ್ಟಿಕ್ ಹಾಳೆಯನ್ನೇ ಬಿಗಿದೆವು.

ಆಮೇಲೆ ತಮ್ಮ ಚಾಲಕಿ ಆರ್ಡಿತ್ ಬಂದು, ಬೋಟನ್ನು ಟ್ರೈಲರಿಗೇರಿಸಿ, ಅಳತೆಕೋಲು ಹಿಡಿದರು. "ಎರಡಂಗುಲ ಜಾಸ್ತಿ ಇದೆ. ಹೀಗೆ ನಾನು ಒಯ್ಯಲ್ಲ."

ಹೆಚ್ಚಾಗಿದ್ದದ್ದು, ಮಲಗಿಸಿದ ಮೇಲಟ್ಟದಿಂದ ಮೇಲೆದ್ದು ನಿಂತಿದ್ದ ಚುಕ್ಕಾಣಿಯ ಪೀಠ. ಒಂದು ಇಡೀ ಚಳಿಗಾಲ ಕೂತು ಹಾಲಿಸ್ ವಾಲ್‌ನಟ್ ಮರದಲ್ಲಿ ಬಾಗಿಸಿ ಮಾಡಿದ್ದು. ಅದಕ್ಕೆ ಬೋಲ್ಟಿಲ್ಲ, ಅಂಟು ಮಾತ್ರ. ಕೊಯ್ಯಬೇಕು, ಬೇರೆ ದಾರಿಯಿಲ್ಲ. ಅವನಿಗೆ ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ಆಗಸ್ಟಿಗೇ ಹೋಗೋಣ, ಹೇಗೋ ಆಗುತ್ತದೆ ಎಂದು ಆರ್ಡಿತ್ ಅವರಿಗೆ ಹೇಳಹೊರಟಿದ್ದೆ. ಅಷ್ಟರಲ್ಲಿ ಅವನೇ ಪ್ಲಾಸ್ಟಿಕ್ ಸೀಳಿ ಗರಗಸ ಹಿಡಿದ.

"ಎರಡಂಗುಲ ತಾನೆ? ಮೂರು ಕೊಯ್ತೀನಿ. ಒಂದು ನಿನ್ನ ಮೊಂಡುತನಕ್ಕೆ. ಬಾ, ಆ ಕಡೆ ಹಿಡ್ಕೋ."

ನಾನು ಹಿಡಿದುಕೊಂಡೆ. ಅರ್ಧ ಕೊಯ್ದಾಗ, ಅದು ಯಾವತ್ತೂ ಅಷ್ಟೇನೂ ಕಿರುಗುಟ್ಟುತ್ತಿರಲಿಲ್ಲ ಎಂದು ಹೇಳಿದೆ. ಅವನು "ಗೊತ್ತು" ಎಂದು ಕೊಯ್ಯುತ್ತಲೇ ಇದ್ದ.

ಇದರಿಂದ ನನಗಾದ ನಷ್ಟವನ್ನು ಮಾನ್ಯರು ಪರಾಂಬರಿಸಬೇಕು. ಮೇಲಟ್ಟವನ್ನು ಮತ್ತೆ ಕೂರಿಸುವ ಕ್ರಮ ತನಗೊಬ್ಬನಿಗೇ ಗೊತ್ತೆಂದು ಅವನೂ ನನ್ನ ಕಾರು ಹತ್ತಿದ. ಆ ಕೆಲಸ ಎರಡು ದಿನದಲ್ಲಿ ಮುಗಿಯಿತು, ಅವನು ಬಂದು ಇದು ಮೂರನೆಯ ವಾರ. ನನ್ನ ಬೋಟಿನಲ್ಲೇ ಮಲಗುತ್ತಾನೆ, ನಾನು ಹಿಡಿದ ಮೀನನ್ನು ತಾನೇ ಹುರಿದು ಅರ್ಧಕ್ಕಿಂತ ಹೆಚ್ಚು ತಾನೇ ತಿನ್ನುತ್ತಾನೆ, ಹಗಲೆಲ್ಲ ಮಾತಾಡುತ್ತಾನೆ. ತಮ್ಮನನ್ನು ಕರೆಸುವ ವಿಧಾನವನ್ನು ಏಳನೆಯ ಪುಟದಲ್ಲಿ ತಿಳಿಸಿದ ತಾವು, ವಾಪಸು ಕಳಿಸುವ ವಿಧಾನದ ಬಗ್ಗೆ ಹನ್ನೊಂದು ಪುಟಗಳಲ್ಲೆಲ್ಲೂ ಚಕಾರವೆತ್ತಿಲ್ಲ. ಆದ್ದರಿಂದ ನನ್ನ ನಾಲ್ಕು ವರ್ಷದ ಮೌನವನ್ನು, ಸಾಗಾಟದಲ್ಲಿ ಹಾನಿಗೊಂಡ ವಸ್ತುವೆಂದು ಪರಿಗಣಿಸಿ, ಇದ್ದ ಸ್ಥಿತಿಯಲ್ಲೇ ಮರಳಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ. ಅವಸರವೇನಿಲ್ಲ.

ಅಳತೆಗೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ಮರ್ಲ್ ಟಾಲಿವರ್

ಮರೆತ ಮಾತು: ಮೇಲಟ್ಟವನ್ನು ಜೋಡಿಸಿ ಮುಗಿದ ಮೇಲೆ ಒಂದು ದಪ್ಪ ಬೋಲ್ಟು ಉಳಿದಿದೆ. ಅದು ಎಲ್ಲಿಯದೆಂದು ನಮ್ಮಿಬ್ಬರಿಗೂ ತಿಳಿಯುತ್ತಿಲ್ಲ, ಯಾರು ಬಿಟ್ಟರೆಂದು ಇಬ್ಬರಿಗೂ ಖಚಿತವಾಗಿ ಗೊತ್ತಿದೆ. ತಾವು ಒಂದು ಭಾನುವಾರ ಮೀನೂಟಕ್ಕೆ ದಯಮಾಡಿಸಬೇಕು. ಮೇಲಟ್ಟದ ಅಂಚಿನಲ್ಲಿ, ನಾವಿಬ್ಬರೂ ಇನ್ನೂ ಕೂತುನೋಡದ ಕುರ್ಚಿಯನ್ನು ತಮಗಾಗಿಯೇ ಕಾದಿರಿಸಿದ್ದೇವೆ.