ಎರೆಮಣ್ಣಿನ ಒಂಟಿ ಎತ್ತು

ಮಣ್ಣಿನ ವಿಷಯದಲ್ಲಿ ನನ್ನ ಬೆರಳು ಸುಳ್ಳು ಹೇಳುವುದಿಲ್ಲ. ಚಿಟಿಕೆ ಮಣ್ಣು ನೆನೆಸಿ ಉಜ್ಜಿದರೆ ಸಾಕು: ಗರಗರ ಎಂದರೆ ಮರಳು, ಹಿಟ್ಟಿನಂತೆ ಜಾರಿದರೆ ಹೂಳು, ಅಂಟಿಕೊಂಡು ಪಟ್ಟಿಯಂತೆ ಉದ್ದಕ್ಕೆ ಬಂದರೆ ಜಿಗುಟು ಎರೆ. ಶಹಾಪುರದ ನಮ್ಮ ಕೃಷಿ ಕಚೇರಿಯಲ್ಲಿ ಈ ವಿದ್ಯೆಗೆ ನನ್ನ ಸಮಾನರಿಲ್ಲ. ಇದ್ದರೂ ನಾನು ಒಪ್ಪುವುದಿಲ್ಲ. ನನ್ನನ್ನು ಒಪ್ಪದವರು ಒಬ್ಬರೇ, ವನದುರ್ಗದ ನನ್ನ ಮಾವ ಮಲ್ಲಣ್ಣ. "ನಮ್ಮ ಅಳಿಯರು ದಿನಾ ಮಣ್ಣಾಗ ಆಡ್ತಾರ, ಅದಕ್ಕ ಪಗಾರ ಬರ್ತದ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಅವರ ಬಾಯಿ ಮುಚ್ಚಿಸಲೆಂದೇ ವನದುರ್ಗದ ರೈತರಿಗೆ ಮಣ್ಣು ಗುರುತಿಸುವ ಪ್ರಾತ್ಯಕ್ಷಿಕೆ ಇಟ್ಟೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಯಾರೂ ನೇಗಿಲು ಹೂಡುವುದಿಲ್ಲ, ಜನ ತುಂಬಿರುತ್ತಾರೆ ಎಂಬುದು ನನ್ನ ಜಾಣತನ. ಹಿಂದಿನ ದಿನವೇ ಅಪ್ಪಟ ಎರೆಮಣ್ಣನ್ನು ಸೋಸಿ, ಬೆಣ್ಣೆಯಂತೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಹಿತ್ತಲಲ್ಲಿಟ್ಟೆ.

ಬೆಳಿಗ್ಗೆ ಬಟ್ಟೆ ಇತ್ತು, ಮಣ್ಣಿರಲಿಲ್ಲ. ದೇವರ ಜಗಲಿಯ ಮೇಲೆ ಹಬ್ಬದ ಪೂಜೆಗೆ ಅದರಿಂದಲೇ ಮಾಡಿದ ಜೋಡಿ ಎತ್ತುಗಳು ಕುಂಕುಮ ಹಚ್ಚಿಸಿಕೊಂಡು ನಿಂತಿದ್ದವು.

"ಉಮಾ, ಹಿತ್ತಲದಾಗಿನ ಮಣ್ಣು ಎಲ್ಲಿ?" ಎಂದು ಹೆಂಡತಿಯನ್ನು ಕೇಳಿದೆ.

"ನೀವು ಹದ ಮಾಡಿ ಇಟ್ಟಿದ್ದು ನೋಡಿ ಕಣ್ಣಾಗ ನೀರು ಬಂತ್ರಿ. ಮದಿವಿ ಆದಾಗಿಂದ ಎತ್ತಿನ ಮಣ್ಣು ನಾನ ತರಾಕಿ. ಈ ಸಲ ನಮ್ಮವರು ತಂದಾರ ಅಂತ ಓಣಿಗೆಲ್ಲ ಹೇಳಿ ಬಂದೀನಿ."

ಇನ್ನು ಯಾವ ಬಾಯಲ್ಲಿ ನಿಜ ಹೇಳಲಿ? ಉಮಾಶ್ರೀ ಹೋಳಿಗೆಯ ಹೂರಣಕ್ಕೆಂದು ಒಳಗೆ ಹೋದಳು. ಬಸ್ಸಿಗೆ ಹೊತ್ತಾಗಿತ್ತು, ಎತ್ತುಗಳು ಇನ್ನೂ ಹಸಿಯಾಗಿದ್ದವು. ಸಂಜೆ ಮತ್ತೆ ಎತ್ತು ಮಾಡಿಟ್ಟರಾಯಿತೆಂದು, ಬಲಗಡೆಯದನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡು ಹೊರಟೆ.

ವನದುರ್ಗದಲ್ಲಿ ಜನವೋ ಜನ. "ಈಗ ಎರೆಮಣ್ಣಿನ ಪಟ್ಟಿ ಎಳೆದು ತೋರಸ್ತೀನ್ರಿ" ಎಂದು ಡಬ್ಬಿ ತೆರೆದೆ. ಸಭೆಯೆಲ್ಲ ಎದ್ದು ಕೈಮುಗಿಯಿತು. ಗೌರವ ನನಗೇ ಎಂದು ತಿಳಿದು ನಾನೂ ಕೈಮುಗಿದೆ. ಆಮೇಲೆ ಎತ್ತಿನ ಕೋಡಿಗೆ ಕೈ ಹಾಕಿದರೆ ಮಾವ ಮುಂಗೈ ಹಿಡಿದರು.

"ಪೂಜಿ ಆದ ಬಸವಣ್ಣನ್ನ ಹಿಚಕ್ತೀರೇನ್ರಿ ಅಳಿಯರ?"

ಎತ್ತು ಮೇಜನ್ನೇರಿತು, ಕಾಯಿ ಒಡೆಯಿತು, ಪ್ರಾತ್ಯಕ್ಷಿಕೆ ಮುಗಿಯಿತು. ಅಷ್ಟರಲ್ಲಿ ಮಾವನಿಗೆ ಉಮಾಶ್ರೀಯ ಫೋನು ಬಂತು. ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ಚಟ.

"ಅಪ್ಪಾ, ನಮ್ಮ ಜಗಲಿ ಮ್ಯಾಲಿನ ಒಂದು ಎತ್ತು ಕಳುವಾಗ್ಯದ."

"ಕಳುವಾಗಿಲ್ಲವ್ವಾ. ನಿನ್ನ ಗಂಡ ನಮ್ಮೂರಿಗೆ ಹೊಡಕೊಂಡು ಬಂದಾರ."



"ಒಂಟಿ ಎತ್ತು ಪೂಜಿ ಮಾಡಬಾರದಲ್ಲಪ್ಪಾ. ಜೋಡಿಗಂತ ಅವರನ್ನ ಅದರ ಬಾಜೂಕ ನಿಂದ್ರಸು."

ಇಡೀ ವನದುರ್ಗ ನಕ್ಕಿತು. ಮಾವ ಮಾತ್ರ ನಗಲಿಲ್ಲ. ಕುಂಕುಮದ ಬಟ್ಟಲು ಹಿಡಿದು ನನ್ನತ್ತ ಬಂದರು.