ಬಿಡಿಭಾಗ ನೂರಹದಿನೆಂಟು

ಕೈಮಡಿಕೆಯ ಟೋರ್ಟೆಲ್ಲಿನಿ ಸಂರಕ್ಷಣಾ ಮಂಡಳಿಯ ನಿಯಮಾವಳಿಯ ಹದಿನಾಲ್ಕನೆಯ ಕಲಮಿನ ಪ್ರಕಾರ, ಕೈ ಎಂದರೆ ಐದು ಬೆರಳುಗಳುಳ್ಳ ಮತ್ತು ಆಗಾಗ ತಪ್ಪು ಮಾಡುವ ಸಾಧನ. ಪ್ರತಿ ನೂರು ಟೋರ್ಟೆಲ್ಲಿನಿ ಕಡುಬಿನಲ್ಲಿ ಕನಿಷ್ಠ ನಾಲ್ಕು ಸೊಟ್ಟಗಿರತಕ್ಕದ್ದು. ತಪ್ಪಿದಲ್ಲಿ ಆ ಪೊಟ್ಟಣದ ಮೇಲೆ ‘ಕೈಯಲ್ಲಿ ಮಡಿಚಿದ್ದು’ ಎಂಬ ಹಸಿರು ಚೀಟಿ ಅಂಟಿಸುವಂತಿಲ್ಲ.

ಇದು ಗೊತ್ತಿದ್ದೂ ಫಾಂತುಝಿಯವರ ಕಾರ್ಖಾನೆಗೆ ಮಡಿಚುವ ಯಂತ್ರ ಕಟ್ಟಿಕೊಡಲು ನಾವು ಒಪ್ಪಿಕೊಂಡೆವು. ಇಟಲಿಯ ಬೊಲೋನ್ಯ ನಗರದ ಹೊರವಲಯದಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಕೇಳಿದವರಿಗೆ ಕೇಳಿದಂಥ ಯಂತ್ರ ಮಾಡುತ್ತೇವೆ. ಸಾಬೂನಿಗೆ ಕಾಗದ ಸುತ್ತುವುದು ಒಂದು, ಚಹಾದ ಚೀಲಕ್ಕೆ ದಾರ ಕಟ್ಟುವುದು ಇನ್ನೊಂದು. ಮಾಲೀಕರು ಆತೊಸ್ ವೆಂಟುರೋಲಿ. ನಾನು ನಕ್ಷೆ ಬರೆಯುವವನು.

ಹೂರಣವಿಟ್ಟ ಹಿಟ್ಟಿನ ಚೌಕವನ್ನು ಬೆರಳಿಗೆ ಸುತ್ತಿ ಮೂಲೆ ಸೇರಿಸುವುದಷ್ಟೇ ಕೆಲಸ. ಆದರೆ ನಾವು ಒಂಬತ್ತು ಜನ, ಒಂಬತ್ತು ಜನರಿಗೂ ತಾಯಂದಿರಿದ್ದರು.

“ನಮ್ಮಮ್ಮ ತೋರುಬೆರಳಿಗೆ ಸುತ್ತೋರು,” ಎಂದೆ ನಾನು.

“ನಿಮ್ಮಮ್ಮ ಮಡಿಚ್ತಿದ್ದಿದ್ದು ಟೋರ್ಟೆಲ್ಲಿನಿ ಅಲ್ಲ ಕಣಯ್ಯ, ಕರವಸ್ತ್ರ,” ಎಂದರು ಆತೊಸ್. “ಕಿರುಬೆರಳು! ಇದು ನಮ್ಮಮ್ಮನ ಆಣೆ.”

ಆರು ವಾರ ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ. ಇಬ್ಬರು ಮಾತು ಬಿಟ್ಟರು. ಕೊನೆಗೆ, ಯಾರಿಗೂ ತಾಯಿಯಲ್ಲದ ಒಬ್ಬ ಹೆಂಗಸಿನ ಮಡಿಕೆಯನ್ನು ಅನುಸರಿಸತಕ್ಕದ್ದೆಂದು ಠರಾವಾಯಿತು. ಹೀಗೆ ಆಯ್ಕೆಯಾದವಳು ಝೆಲಿಂಡಾ ತುನ್ಯೋಲಿ. ಫಾಂತುಝಿ ಕಾರ್ಖಾನೆಯಲ್ಲಿ ಉಳಿದಿದ್ದ ಕೊನೆಯ ಮಡಿಚುವವಳು, ಮಕ್ಕಳಿಲ್ಲದವಳು, ಮೂವತ್ತೊಂದು ವರ್ಷದಿಂದ ಅದೇ ಮೇಜಿನ ಮುಂದೆ ಕುಳಿತವಳು. ಇನ್ನೆರಡು ವರ್ಷ ದುಡಿದರೆ ಪಿಂಚಣಿ. ಅಷ್ಟರೊಳಗೆ ಕೆಲಸ ಹೋದರೆ ಅದೂ ಇಲ್ಲ.

ಮೂರು ತಿಂಗಳು ಅವಳ ಬೆರಳುಗಳನ್ನು ನಾಲ್ಕು ಕಡೆಯಿಂದ ಚಿತ್ರೀಕರಿಸಿದೆವು. ಒಂದು ದಿನ ಅವಳು ಕೈ ನಿಲ್ಲಿಸದೆ ಕೇಳಿದಳು: “ಅಲ್ರಪ್ಪ, ಇದು ಕಲಿತ್ಕೊಂಡ್ಮೇಲೆ ನಾನೇನ್ ಮಾಡ್ಲಿ?”

“ನೀನು ಇದರ ತಾಯಿ ಕಣಮ್ಮ,” ಎಂದರು ಆತೊಸ್.

“ತಾಯಂದ್ರಿಗೆ ಪಿಂಚಣಿ ಕೊಡ್ತಾರಾ?”

ಆತೊಸ್ ಕ್ಯಾಮೆರಾದ ಗಾಜು ಒರೆಸತೊಡಗಿದರು.

ಯಂತ್ರ ಸಿದ್ಧವಾಯಿತು. ನಿಮಿಷಕ್ಕೆ ಇನ್ನೂರು, ಎಲ್ಲವೂ ಝೆಲಿಂಡಾ ಮಡಿಚಿದಂತೆಯೇ. ಮಂಡಳಿಯ ಪರೀಕ್ಷಕ ಡಾಕ್ಟರ್ ಮಾರೆಸ್ಕೊತ್ತಿ ಭೂತಗನ್ನಡಿ ಹಿಡಿದು ಬಂದರು, ಒಂದು ತಟ್ಟೆ ಸಾರಿನಲ್ಲಿ ತಿಂದರು, ಕಣ್ಣು ಮುಚ್ಚಿದರು, ತಿರಸ್ಕರಿಸಿದರು. ಒಂದೂ ಸೊಟ್ಟಗಿರಲಿಲ್ಲ.

ನಾವು ತಪ್ಪು ಮಾಡುವ ಉಪಕರಣವನ್ನು ಜೋಡಿಸಿದೆವು. ನೂರಕ್ಕೆ ನಾಲ್ಕು ಸೊಟ್ಟ ಬಂದವು. ನಾಲ್ಕೂ ಒಂದೇ ಥರ ಸೊಟ್ಟಗಿವೆಯೆಂದು ಪರೀಕ್ಷಕರು ಷರಾ ಬರೆದರು. ಇನ್ನೆರಡು ತಿಂಗಳು ಒದ್ದಾಡಿ, ಯಾವ ಎರಡು ತಪ್ಪೂ ಒಂದೇ ಥರ ಇರದಂತೆ ಮಾಡಿದೆವು. ನಮ್ಮ ವರ್ಕ್‌ಶಾಪಿನ ಚರಿತ್ರೆಯಲ್ಲೇ ಅಷ್ಟು ಕರಾರುವಾಕ್ಕಾದ ಕೆಲಸ ಇನ್ನೊಂದಿಲ್ಲ.

“ಇದು ಬೇಕಂತ ಮಾಡಿದ್ ತಪ್ಪು,” ಎಂದರು ಮಾರೆಸ್ಕೊತ್ತಿ.

“ತಪ್ಪು ತಪ್ಪೇ ಅಲ್ವಾ ಡಾಕ್ಟ್ರೇ?” ಎಂದರು ಆತೊಸ್.

“ಅಲ್ಲ ವೆಂಟುರೋಲಿ. ತಪ್ಪು ಮಾಡ್ದೋರಿಗೆ ಆಮೇಲೆ ಬೇಜಾರಾಗ್ಬೇಕು. ನಿಮ್ ಯಂತ್ರದ ಮುಖದಲ್ಲಿ ನಂಗೆ ಬೇಜಾರು ಕಾಣ್ತಿಲ್ಲ.”

ಆಗ ಕುರ್ಚಿಯ ಯೋಚನೆ ಬಂತು. ಯಂತ್ರದ ಹೊಟ್ಟೆಯಲ್ಲಿ ಒಂದು ಕುರ್ಚಿ, ಎದುರಿಗೆ ಓಡುವ ಪಟ್ಟಿ, ಪಕ್ಕದಲ್ಲಿ ಸಣ್ಣ ಬಾಗಿಲು. ಪ್ರತಿ ನೂರರಲ್ಲಿ ನಾಲ್ಕನ್ನು ಝೆಲಿಂಡಾ ಮಡಿಚುವುದು. ಅದರ ನಕ್ಷೆ ಬರೆದವನು ನಾನೇ. ಒಳ್ಳೆಯ ನಕ್ಷೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಝೆಲಿಂಡಾಗೆ ತಪ್ಪು ಮಾಡುವ ಅಭ್ಯಾಸವೇ ಇರಲಿಲ್ಲವಾದ್ದರಿಂದ ಪಟ್ಟಿಯ ವೇಗವನ್ನು ಹೆಚ್ಚಿಸಿದೆವು. ಮೊದಲ ಸೊಟ್ಟ ಟೋರ್ಟೆಲ್ಲಿನಿ ಕೈಯಿಂದ ಜಾರಿ ಹೋದಾಗ ಅವಳು ‘ಅಯ್ಯೋ’ ಎಂದು ನಿಟ್ಟುಸಿರು ಬಿಟ್ಟಳು. ಯಂತ್ರದ ತಗಡಿಗೆ ಕಿವಿಯಿಟ್ಟು ನಿಂತಿದ್ದ ಮಾರೆಸ್ಕೊತ್ತಿ ತಲೆದೂಗಿ ಮೊಹರು ಒತ್ತಿದರು.

ಒಂದೇ ತೊಡಕು ಉಳಿಯಿತು. ಓಡುತ್ತಿರುವ ಯಂತ್ರದೊಳಗೆ ಮನುಷ್ಯರು ಇರತಕ್ಕದ್ದಲ್ಲವೆಂದು ಸುರಕ್ಷತಾ ಇಲಾಖೆಯ ನಿಯಮವಿದೆ. ಆದರೆ ಬಿಡಿಭಾಗಗಳು ಇರಬಹುದು. ಆದ್ದರಿಂದ ಝೆಲಿಂಡಾಳನ್ನು ಕಾರ್ಖಾನೆಯ ಹಾಜರಿ ಪುಸ್ತಕದಿಂದ ತೆಗೆದು ಯಂತ್ರದ ಬಿಡಿಭಾಗಗಳ ಯಾದಿಯಲ್ಲಿ ನೂರಹದಿನೆಂಟನೆಯದೆಂದು ನಮೂದಿಸಲಾಯಿತು. ನೂರಹದಿನೇಳು ಒಂದು ಸ್ಪ್ರಿಂಗು. ನೂರಹತ್ತೊಂಬತ್ತು ಅದರ ವಾಷರು.

“ನನ್ನ ತೆಗೆದ್ ಹಾಕಲ್ಲ ತಾನೇ?” ಎಂದು ಅವಳು ಕೇಳಿದಳು.

ಫಾಂತುಝಿ ಯಂತ್ರದ ಜೊತೆ ನಾವು ಕೊಟ್ಟಿದ್ದ ಖಾತರಿ ಪತ್ರವನ್ನು ಓದಿ ಹೇಳಿದರು: “ಎರಡು ವರ್ಷದ ಖಾತರಿ ಅವಧಿಯಲ್ಲಿ ಯಾವ ಬಿಡಿಭಾಗವನ್ನೂ ಯಾವ ಕಾರಣಕ್ಕೂ ಕಳಚತಕ್ಕದ್ದಲ್ಲ. ನನ್ನ ಕೈಲೂ ಆಗಲ್ಲಮ್ಮ.”

ಮೂವತ್ತೊಂದು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ಗಟ್ಟಿಯಾದ ಭರವಸೆ ಕೊಟ್ಟಿರಲಿಲ್ಲ. ಅವಳು ಎರಡು ಕೈಯಿಂದ ಸಹಿ ಮಾಡುವವಳಂತೆ ಪೆನ್ನು ಒತ್ತಿ ಸಹಿ ಮಾಡಿದಳು. ಕಾರ್ಮಿಕ ಸಂಘ ಸಿಹಿ ಹಂಚಿತು. ಸದಸ್ಯೆಯೊಬ್ಬಳಿಗೆ ಕಬ್ಬಿಣಕ್ಕೆ ಸಮನಾದ ರಕ್ಷಣೆ ಸಿಕ್ಕಿದ್ದು ಇದೇ ಮೊದಲೆಂದು ಅದರ ಪ್ರಕಟಣೆ ತಿಳಿಸಿತು.

ಎರಡು ವರ್ಷ ಯಂತ್ರ ಒಂದು ದಿನವೂ ಕೆಡಲಿಲ್ಲ. ಪ್ರತಿ ಸೋಮವಾರ ಅವಳ ಕೀಲುಗಳನ್ನು ಪರೀಕ್ಷಿಸಿ ತಪಾಸಣಾ ಪಟ್ಟಿಯಲ್ಲಿ ‘ಸರಿಯಿದೆ’ ಎಂದು ಬರೆಯುತ್ತಿದ್ದೆವು. ಖಾತರಿ ಮುಗಿದ ದಿನ ಝೆಲಿಂಡಾ ಹೂವಿನ ರವಿಕೆ ಹಾಕಿಕೊಂಡು, ತಾನೇ ಮಾಡಿದ ಅಕ್ಕಿಯ ಕೇಕು ಹಿಡಿದು ಬಂದಳು. ಸಮುದ್ರದ ಹತ್ತಿರ ತಂಗಿಯ ಮನೆಯಲ್ಲಿ ಕೋಣೆ ಗೊತ್ತು ಮಾಡಿದ್ದಳು. ಪಿಂಚಣಿ ಕಚೇರಿಯ ಲಕೋಟೆಯನ್ನು ಎಲ್ಲರೆದುರು ಒಡೆಯಬೇಕೆಂದು ತೆರೆಯದೇ ತಂದಿದ್ದಳು. ಕನ್ನಡಕ ಮರೆತು ಬಂದಿದ್ದರಿಂದ ನನ್ನ ಕೈಗೆ ಕೊಟ್ಟಳು.

ನಾನು ಓದಿದೆ. “ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಕಳೆದೆರಡು ವರ್ಷ ತಾವು ಕೆಲಸಗಾರರ ಪಟ್ಟಿಯಲ್ಲಿ ಇರುವುದಿಲ್ಲ. ಬಿಡಿಭಾಗಗಳಿಗೆ ಪಿಂಚಣಿ ನೀಡಲು ಅವಕಾಶವಿರುವುದಿಲ್ಲ. ಲಗತ್ತಿಸಿದ ತಪಾಸಣಾ ಪಟ್ಟಿಯ ಪ್ರಕಾರ ತಾವು ಸುಸ್ಥಿತಿಯಲ್ಲಿದ್ದೀರಿ. ಅಭಿನಂದನೆಗಳು.”

ಆ ಪಟ್ಟಿಯ ಕೆಳಗೆ ನನ್ನದೇ ಸಹಿ ಇತ್ತು. ಅದನ್ನು ಮಾತ್ರ ನಾನು ಓದಲಿಲ್ಲ.

ಆತೊಸ್ ಎದ್ದು ನಿಂತು, ಸಂಸ್ಥೆಯ ಔದಾರ್ಯದಿಂದ ಖಾತರಿಯನ್ನು ಇನ್ನೂ ಹತ್ತು ವರ್ಷ ವಿಸ್ತರಿಸಲಾಗಿದೆಯೆಂದು ಘೋಷಿಸಿದರು. ಫಾಂತುಝಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ನಾನೂ ತಟ್ಟಿದೆ.

ಝೆಲಿಂಡಾ ಕೇಕನ್ನು ಸಮನಾಗಿ ಕೊಯ್ದು ಎಲ್ಲರಿಗೂ ಕೊಟ್ಟಳು. ಆಮೇಲೆ ರವಿಕೆಯ ಮೇಲೆ ಏಪ್ರನ್ ಕಟ್ಟಿಕೊಂಡಳು.

“ಹಂಗಾದ್ರೆ ಆ ಕುರ್ಚಿಗೊಂದು ದಿಂಬಾದ್ರೂ ಹಾಕ್ಸ್ರಪ್ಪ,” ಎಂದಳು.

ಅದನ್ನು ನೂರಹದಿನೆಂಟು-ಎ ಎಂದು ಕೂಡಲೇ ಬಿಡಿಭಾಗಗಳ ಯಾದಿಗೆ ಸೇರಿಸಿದೆ. ಅವಳು ಸಣ್ಣ ಬಾಗಿಲಿನಿಂದ ಒಳಗೆ ಹೋದಳು, ಪಟ್ಟಿ ಓಡಿತು. ವಾರ್ಷಿಕ ತಪಾಸಣೆಗೆ ಬಂದಿದ್ದ ಮಾರೆಸ್ಕೊತ್ತಿ ಕೈಯಲ್ಲಿ ಕೇಕಿನ ಚೂರು ಹಿಡಿದೇ ತಗಡಿಗೆ ಕಿವಿಯಿಟ್ಟರು. ಬಹಳ ಹೊತ್ತು ಕೇಳಿ, ತೃಪ್ತಿಯಿಂದ ಷರಾ ಬರೆದರು: ನಿಟ್ಟುಸಿರಿನ ಗುಣಮಟ್ಟ ಸುಧಾರಿಸಿದೆ.