ಒಲೆಗಲ್ಲು ಕಂಡರೆ ಅಳುವ ಮಾವ

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ಜಾಲಾಡಿದರೂ ಖಾಲಿ ಜಾಗ ನೋಡಿ ಅಳುವವರು ಎರಡೇ ಬಗೆ. ಸಕಾಲದಲ್ಲಿ ಸೈಟು ಕೊಳ್ಳದೆ ಈಗ ಹೊಟ್ಟೆ ಉರಿಸಿಕೊಳ್ಳುವವರದು ಒಂದು ಬಗೆ. ಎರಡನೆಯ ಬಗೆಯಲ್ಲಿ ಇರುವುದು ಒಬ್ಬರೇ, ಅವರು ನನ್ನ ಸೋದರಮಾವ! ಕುರಿಯವರು ಮಂದೆ ಎಬ್ಬಿಸಿಕೊಂಡು ಹೋದ ಹೊಲ ಕಂಡರೆ ಸಾಕು, ಮಾವ ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ ಇಳಿಯುತ್ತಾರೆ. ಒಂದಿಷ್ಟು ಹಿಕ್ಕೆ, ಒಂದಿಷ್ಟು ಬೂದಿ, ಮಸಿ ಹಿಡಿದ ಮೂರು ಒಲೆಗಲ್ಲು. ಅವುಗಳ ಮುಂದೆ ನಿಂತು ಕಣ್ಣೀರು ಹಾಕುತ್ತಾರೆ. ಹಾಗೆ ಅಳುವುದು ಅರಬ್ಬಿ ಕಾವ್ಯದ ಪದ್ಧತಿಯಂತೆ.

ಪರಶುರಾಂಪುರದ ನಿವೃತ್ತ ಭೂಗೋಳ ಮೇಷ್ಟ್ರಿಗೂ ಅರಬ್ಬಿ ಕಾವ್ಯಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ನಾವೂ ಕೇಳಿದ್ದೇವೆ. ಎಲ್ಲಕ್ಕೂ ಮೂಲ ಆ ಮೊಪೆಡ್ಡು. ಅದು ಚಳ್ಳಕೆರೆಯಲ್ಲಿ ಕೆಟ್ಟು ನಿಂತ ದಿನ ಮಾವ ಅದನ್ನು ತಳ್ಳಿಕೊಂಡು ಒಬ್ಬ ಮೆಕ್ಯಾನಿಕ್ ಸಾಹೇಬರ ಅಂಗಡಿಗೆ ಹೋದರು. ಸಾಹೇಬರು ಪಂಪ್‌ಸೆಟ್ಟು, ಮೊಪೆಡ್ಡು ಎರಡನ್ನೂ ರಿಪೇರಿ ಮಾಡುವವರು. ಚಿಕ್ಕಂದಿನಲ್ಲಿ ದೂರದ ಊರಿನಲ್ಲಿ ಅರಬ್ಬಿ ಕಲಿತು ಬಂದವರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾಡಪಾಲಿನ ನೆರಳಿಗೆ ಕೂತು, ಗ್ರೀಸು ತಾಗದಂತೆ ಕಿರುಬೆರಳಿನಿಂದ ಹಾಳೆ ಮಗುಚುತ್ತಾ ಹಳೆಯ ಪದ್ಯಗಳನ್ನು ಓದುತ್ತಿದ್ದರು. "ದೇವ್ರ ಪುಸ್ತಕಾನಾ ಸಾಹೇಬ್ರೇ?" ಎಂದು ಮಾವ ಕೇಳಿದರಂತೆ. "ಅರೆ ಇಲ್ಲ ಮೇಷ್ಟ್ರೇ, ಇದು ಅದಕ್ಕಿಂತ್ಲೂ ಮುಂಚಿಂದು. ಮರಳುಗಾಡಿನೋರ ಹಾಡು. ಕವಿ ಒಂಟೆ ಮ್ಯಾಲೆ ಬರ್ತಾನೆ, ತನ್ನ ಪ್ರೀತಿಯೋಳು ಇದ್ದ ಬಿಡಾರದ ಜಾಗ ನೋಡ್ತಾನೆ. ಅವಳ ಜನ ಎದ್ದು ಹೋಗ್ಯಾರೆ. ಮೂರು ಕಲ್ಲು ಮಾತ್ರ ಐತೆ, ಮಸಿ ಹಿಡಿದಿರೋವು. ನಿಂತು ಅಳ್ತಾನೆ" ಎಂದರು ಸಾಹೇಬರು.

ಮೂವತ್ತೈದು ವರ್ಷ ಮಕ್ಕಳಿಗೆ ಅರೇಬಿಯಾದ ಮಳೆ, ಮರಳು, ಖರ್ಜೂರ ಎಂದು ಬಾಯಿಪಾಠ ಮಾಡಿಸಿದ್ದ ಮಾವ ಅಲ್ಲಿಯೂ ಮನುಷ್ಯರಿದ್ದಾರೆ, ಅವರೂ ಕುರಿ ಕಾಯುತ್ತಾರೆ, ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಾರೆ ಎಂಬುದನ್ನು ಅವತ್ತೇ ಮೊದಲು ಕೇಳಿದ್ದು! ಮೊಪೆಡ್ಡು ಅರ್ಧ ಗಂಟೆಯಲ್ಲಿ ಸರಿಯಾಯಿತು, ಮಾವ ಸರಿಯಾಗಲಿಲ್ಲ. ಮರುವಾರ ಮತ್ತೆ ಮೊಪೆಡ್ಡು ಕೆಟ್ಟಿತು. ಅದರ ಮರುವಾರವೂ ಕೆಟ್ಟಿತು. ಊರ ಹೊರಗೆ ನಿಂತು ಇವರೇ ಪ್ಲಗ್ಗಿನ ವೈರು ಕಿತ್ತು, ಅಂಗಡಿಯವರೆಗೆ ತಳ್ಳಿಕೊಂಡು ಹೋಗುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಸಾಹೇಬರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಅವರು ಪಾಠ ಮುಗಿದ ಮೇಲೆ ವೈರು ಸಿಕ್ಕಿಸಿ ಕಳಿಸುತ್ತಿದ್ದರು.

ಕಲಿತಿದ್ದು ತಲೆಯಲ್ಲೇ ಇದ್ದಿದ್ದರೆ ನಾವೂ ಸುಖವಾಗಿರುತ್ತಿದ್ದೆವು. ಆದರೆ ಆ ಕಾವ್ಯಕ್ಕೆ ಒಂದು ಕ್ರಮವಿದೆಯಂತೆ. ಮೊದಲು ಬಿಟ್ಟುಹೋದ ಬೀಡಿನ ಮುಂದೆ ಅಳಬೇಕು. ಆಮೇಲೆ ಕಣ್ಣೊರೆಸಿಕೊಂಡು ಒಂಟೆ ಹತ್ತಬೇಕು. ದಾರಿಯ ಕಷ್ಟ, ಬಿಸಿಲು, ಒಂಟೆಯ ಗುಣ ಎಲ್ಲ ವರ್ಣಿಸಬೇಕು. ಕೊನೆಯಲ್ಲಿ ಬಂದ ಕೆಲಸ: ದೊರೆಯನ್ನೋ, ತನ್ನ ಕುಲವನ್ನೋ ಹೊಗಳುವುದು, ಅಥವಾ ಹಗೆಯನ್ನು ಬೈಯುವುದು. ಮಾವ ಮಾತನ್ನೂ ಇದೇ ಕ್ರಮದಲ್ಲಿ ಆಡತೊಡಗಿದರು! ಒಂದು ಸಲ ಅವರ ಬೀದಿಗೆ ಕರೆಂಟು ಹೋಗಿ ಲೈನ್‌ಮನ್ ಕಂಬ ಹತ್ತಿದ್ದಾನೆ. ಮಾವ ಕೆಳಗೆ ನಿಂತು, ಮೊದಲು ಅಲ್ಲಿದ್ದ ಹಳೇ ಮರದ ಕಂಬ ನೆನೆದು ನಿಟ್ಟುಸಿರು ಬಿಟ್ಟರು. ಆಮೇಲೆ ಮನೆಯಿಂದ ಕಂಬದವರೆಗೆ ತಾವು ಮಾಡಿದ ಪ್ರಯಾಣ. ಆಮೇಲೆ ಲೈನ್‌ಮನ್ನನ ಶೌರ್ಯ. ಬಿಸಿಲಲ್ಲಿ ನೇತಾಡುತ್ತಿದ್ದ ಆತ ಕೈ ಮುಗಿಯಲೂ ಆಗದೆ, "ಮೇಷ್ಟ್ರೇ, ಯಾವ ಮನೇಗೆ ಕರೆಂಟಿಲ್ಲ ಅದನ್ನ ಹೇಳ್ರೀ!" ಎಂದು ಕೂಗಿದನಂತೆ.

ನನ್ನ ಅವ್ವ, ಅಂದರೆ ಮಾವನ ಅಕ್ಕ, ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದಾಗ ಮಾವ, "ಅಕ್ಕ, ಆ ಕಾಲದಾಗೆ ನಮ್ಮನೆ ಹಿತ್ತಲಾಗೆ ಒಂದು ಕಪ್ಪು ಎಮ್ಮೆ ಇತ್ತು…" ಎಂದು ಶುರು ಮಾಡಿದರೆ, ಅವ್ವ ಒಳಗಿನಿಂದಲೇ, "ಕಾಫಿ ಬೇಕೇನಲೇ? ಬೇಕು ಅನ್ನು, ಇಲ್ಲ ಸುಮ್ನೆ ಕೂತ್ಕೋ. ಆ ಎಮ್ಮೆ ಸತ್ತು ಐವತ್ತು ವರ್ಸ ಆತು!" ಎನ್ನುತ್ತಿದ್ದಳು. ಅವ್ವ ಮಾವನಿಗೆ ಒಳ್ಳೆಯ ಮಾತು ಆಡಿದ್ದನ್ನು ನಾನು ಕಂಡಿರಲಿಲ್ಲ. ಬೈಗುಳ ಅರಬ್ಬಿಯಲ್ಲಿ ಒಂದು ಗೌರವದ ಪ್ರಕಾರವಂತೆ, ಕವಿ ಬೈದರೆ ಇಡೀ ಕುಲವೇ ತಲೆ ತಗ್ಗಿಸುತ್ತಿತ್ತಂತೆ. ಆ ಲೆಕ್ಕದಲ್ಲಿ ನಮ್ಮವ್ವ ಮಹಾಕವಿ!

ಮಾವನೂ ಆ ಪ್ರಕಾರದಲ್ಲಿ ಕೈಯಾಡಿಸಿದ್ದಾರೆ. ಪಕ್ಕದ ಹೊಲದವನ ಮೇಕೆಗಳು ಇವರ ಶೇಂಗಾ ಬಳ್ಳಿ ಮೇದಾಗ ಅವನ ಮೇಲೆ ನಲವತ್ತು ಸಾಲಿನ ಬೈಗುಳದ ಪದ್ಯ ಕಟ್ಟಿದರು. ಅರಬ್ಬಿ ಪದ್ಯದ ಹಾಗೆ ಪ್ರತಿ ಸಾಲೂ ನಡುವೆ ಸೀಳಿ ಎರಡು ತುಂಡು, ಮೊದಲಿನಿಂದ ಕೊನೆಯವರೆಗೆ ಒಂದೇ ಅಂತ್ಯಪ್ರಾಸ. ಅದನ್ನು ಅವನ ಬೇಲಿಯ ಪಕ್ಕ ನಿಂತು ಗಟ್ಟಿಯಾಗಿ ಓದಿದರು. ಆತ ಪೂರ್ತಿ ಕೇಳಿ ಕಣ್ಣರಳಿಸಿ, "ನಮ್ಮ ಮ್ಯಾಲೆ ಯಾರೂ ಇಷ್ಟುದ್ದ ಬರ್ದಿರ್ಲಿಲ್ಲ ಮೇಷ್ಟ್ರೇ! ಮಗಳ ಮದ್ವೇಲಿ ಮೈಕ್ ಇರ್ತೈತೆ, ಓದ್ತೀರಾ?" ಎಂದ. ಮಾವ ಓದಿದರು ಕೂಡ. ಮೇಕೆಗಳು ಈಗಲೂ ಬರುತ್ತವೆ.

ನನ್ನನ್ನೂ ಬಿಡಲಿಲ್ಲ. ನಾನು ರೇಷ್ಮೆ ಸೀರೆ ನೇಯುವವನು, ಮಗ್ಗ ಪಡಸಾಲೆಯಲ್ಲೇ ಇದೆ. ಅರಬ್ಬಿ ಛಂದಸ್ಸು ಹುಟ್ಟಿದ್ದು ಕಂಚುಗಾರರ ಬೀದಿಯ ಸುತ್ತಿಗೆ ಸದ್ದಿನಿಂದ ಎಂಬ ಕಥೆಯನ್ನು ಸಾಹೇಬರು ಹೇಳಿದ್ದೇ ತಡ, ಮಾವ ನನ್ನ ಮಗ್ಗದ ಪಕ್ಕ ಚಾಪೆ ಹಾಕಿಕೊಂಡು ಕೂತರು. "ಎರಡು ಗಟ್ಟಿ, ಒಂದು ಮೆತ್ತಗೆ ಬಡಿ. ಹಾಂ! ಇದು ಒಂಟೆ ನಡಿಗೆ. ಈಗ ಓಟ!" ಎಂದು ತೊಡೆ ತಟ್ಟುತ್ತಾ ಹೇಳಿಕೊಟ್ಟರು. ನಾನೂ ಮೂರ್ಖ, ಎಳೆ ಒತ್ತುವ ಹಲಗೆಯನ್ನು ಹಾಗೇ ಬಡಿದೆ. ಸಂಜೆ ನೋಡುತ್ತೇನೆ, ಗಟ್ಟಿಯಾಗಿ ಬಡಿದಲ್ಲೆಲ್ಲ ಅಂಚಿನ ನವಿಲು ಕುಗ್ಗಿ ಬಾತುಕೋಳಿಯಾಗಿದೆ! ಮಾವ ಕನ್ನಡಕ ಏರಿಸಿ ನೋಡಿ, "ಕಾವ್ಯ ಬದಲಾಗ್ತಾ ಹೋಗ್ತೈತೆ ಕಣೋ" ಎಂದರು. ಮರಳುಗಾಡಿನಿಂದ ಹೊರಟ ಕವಿಗಳು ಅರಮನೆ ಸೇರಿದರಂತೆ. ಪೇಟೆಗೆ ಬಂದವರು ಒಲೆಗಲ್ಲಿಗೆ ಅಳುವುದೇನು ಹುಚ್ಚು ಎಂದು ಗೇಲಿ ಮಾಡಿ ಮದಿರೆಯನ್ನೂ ತೋಟವನ್ನೂ ಹಾಡಿದರಂತೆ. ಸ್ಪೇನಿಗೆ ಹೋದವರು ಒಂದೇ ಪ್ರಾಸದ ಹಠ ಬಿಟ್ಟು, ಹಾಡಿನ ಕೊನೆಯ ಸಾಲನ್ನು ಬೀದಿಯ ಮಾತಿನಲ್ಲಿ, ಹೆಚ್ಚಾಗಿ ಹೆಣ್ಣಿನ ಬಾಯಲ್ಲಿ ಇಡುತ್ತಿದ್ದರಂತೆ. ಅಷ್ಟೆಲ್ಲ ಇತಿಹಾಸ ಕೇಳಿದ ಮೇಲೂ ಬಾತುಕೋಳಿ ಬಾತುಕೋಳಿಯೇ ಆಗಿತ್ತು. ಆ ಸೀರೆಯನ್ನು ಅವ್ವ ಉಟ್ಟಳು, ತಮ್ಮನನ್ನು ಬೈಯುತ್ತಲೇ.

ಇಷ್ಟು ಮಾತ್ರವಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಮಾವನಿಗೆ ಎದೆನೋವು ಬಂದು, ದಾವಣಗೆರೆಯಲ್ಲಿ ರಕ್ತನಾಳಕ್ಕೆ ಸಣ್ಣದೊಂದು ಸ್ಪ್ರಿಂಗ್ ಹಾಕಿಸಿಕೊಂಡರು. ಸುಧಾರಿಸಿಕೊಳ್ಳಲು ಒಂದು ತಿಂಗಳು ನಮ್ಮ ಮನೆಯಲ್ಲಿದ್ದರು. ನಡೆದಾಡಲು ಡಾಕ್ಟರು ಹೇಳಿದ್ದೇ ನೆಪ, ಒಂದು ಬೆಳಿಗ್ಗೆ ಬಸ್ಸು ಹಿಡಿದು ಸಿದ್ದಾಪುರದ ಕಡೆ ಹೋಗೋಣ ಎಂದರು. ಜನ ಅಲ್ಲಿಗೆ ಅಶೋಕನ ಶಾಸನ ನೋಡಲು ದೂರದಿಂದ ಬರುತ್ತಾರೆ. ಮಾವ ಅಕ್ಷರವಿದ್ದ ಕಲ್ಲನ್ನು ಬಿಟ್ಟು ಮಸಿಯಿದ್ದ ಮೂರು ಕಲ್ಲು ಹುಡುಕಿದರು. ಗುಡ್ಡದ ಬುಡದಲ್ಲಿ ಸಿಕ್ಕವು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ಅಳತೊಡಗಿದರು.

ಪಾಪ, ಕುರಿಯವರು ಬೀಡು ಬಿಟ್ಟು ಹೋಗಿರಲೇ ಇಲ್ಲ! ಕುರಿಗಳಿಗೆ ನೀರು ಕುಡಿಸಲು ಹಳ್ಳದ ಕಡೆ ಇಳಿದಿದ್ದರು ಅಷ್ಟೇ. ಬಿಂದಿಗೆ ಹೊತ್ತು ತಿರುಗಿ ಬಂದ ಹೆಂಗಸು ನೋಡುತ್ತಾಳೆ, ಬಿಳಿ ಪಂಚೆಯ ಹಿರಿಯರೊಬ್ಬರು ತನ್ನ ಒಲೆಯ ಮುಂದೆ ಗಳಗಳ ಅಳುತ್ತಿದ್ದಾರೆ. ಆಕೆ ಬಿಂದಿಗೆ ಇಳಿಸಿ, ಸೆರಗು ಬಾಯಿಗಿಟ್ಟು, ಕಲ್ಲಿನ ಆಚೆ ಕೂತು ತಾನೂ ಅಳತೊಡಗಿದಳು. ನಮ್ಮ ಕಡೆ ಅದು ಮರ್ಯಾದೆ, ಅಳುವವರ ಜೊತೆ ಮೊದಲು ಅಳಬೇಕು, ವಿಚಾರ ಆಮೇಲೆ. ಬರೀ ಅಳಲಿಲ್ಲ, ರಾಗ ಹಿಡಿದು ಹಾಡಿ ಅತ್ತಳು. ಕಾಲು ಗಂಟೆಯಾದ ಮೇಲೆ ಮೂಗು ಒರೆಸಿಕೊಂಡು, "ಏಮಯಿಂದಿ ಸಾಮಿ, ಏನಾತು? ಯಾರು ಹೋದ್ರು?" ಎಂದು ಕೇಳಿದಳು.

"ಯಾರೂ ಹೋಗಿಲ್ಲ ತಾಯಿ. ನೀವು ಹೋದ್ರಿ ಅಂತ ಅತ್ತೆ" ಎಂದರು ಮಾವ.

ಆಕೆ ಮಾವನನ್ನೂ ನನ್ನನ್ನೂ ಒಂದು ಸುತ್ತು ನೋಡಿದಳು. "ನಾವು ಹೋದ್ರೆ ಅಳೋರೂ ಅದಾರಾ!" ಎಂದು ನಕ್ಕು, ಅದೇ ಒಲೆ ಹಚ್ಚಿ ಚಹಾ ಕಾಸಿ ಕೊಟ್ಟಳು.

ಹಿಂದಿರುಗುವಾಗ, ಬಸ್ಸಿಳಿದು ಮನೆ ಹತ್ತಿರವಾದಾಗ, ಮಾವ ನಿಂತು, "ಅರಬ್ಬಿಯೊಳಗೂ ಸತ್ತೋರ ಹಾಡು ಹೆಂಗಸರದ್ದೇ ಕಣೋ. ಅಕ್ಕಂದಿರು ಅಣ್ಣ-ತಮ್ಮಂದಿರಿಗೆ ಹಾಡಿದ್ದು. ಅದರ ಮುಂದೆ ಗಂಡಸರ ಒಂಟೆ, ಕತ್ತಿ ಎಲ್ಲ ಸಪ್ಪೆ ಅಂತಾರೆ ಸಾಹೇಬ್ರು. ನಿಮ್ಮವ್ವ ಹಾಡಿ ಅತ್ತರೆ ಎಂಥ ಕಲ್ಲೂ ಕರಗ್ತೈತೆ. ಊರೋರಿಗೆಲ್ಲ ಹಾಡ್ಯಾಳೆ. ನನಗೂ ಹಾಡ್ತಾಳೆ, ಆದ್ರೆ ಅವಾಗ ನನಗೆ ಕೇಳ್ಸಲ್ಲ. ಅಕ್ಕನಿಗೆ ನಾನಂದ್ರೆ ಏನು ಅಂತ ಬದುಕಿದ್ದಾಗ ಒಂದ್ಸಲ ಅವಳ ಹಾಡಿನಾಗೆ ಕೇಳ್ಬೇಕು" ಎಂದರು. ನನಗೆ ನಗು ಬರಲಿಲ್ಲ. ಅರಬ್ಬಿ ಕಾವ್ಯದ ಹುಚ್ಚು ಹಿಡಿದ ಮೇಲೆ ಮಾವ ಮೊದಲ ಸಲ ಬೀಡಿಗೆ ಅಳದೆ, ಪ್ರಯಾಣ ವರ್ಣಿಸದೆ, ನೇರವಾಗಿ ಒಂದು ಮಾತು ಆಡಿದ್ದರು.

ಆದರೆ ಅವ್ವನ ಮುಂದೆ ಅದನ್ನೇ ಹೇಳಿದರೆ ಏನಾಗಬೇಕು? "ಬಿಡ್ತು ಅನ್ನಲೇ! ಬಿಡ್ತು ಅನ್ನು!" ಎಂದು ಅವ್ವ ಮೊರ ಎತ್ತಿಕೊಂಡಳು. "ಬದುಕಿರೋನ್ನ ಮುಂದೆ ಕೂರಿಸ್ಕೊಂಡು ಸತ್ತೋನ ಹಾಡು ಹಾಡ್ಲಾ? ಸ್ಪ್ರಿಂಗ್ ಎದೆಗೆ ಹಾಕಿದ್ರೋ, ತಲೆಗೆ ಹಾಕಿದ್ರೋ?" ಮಾವ ಬಿಡಲಿಲ್ಲ. ಊಟಕ್ಕೆ ಕೂತಾಗ ಕೇಳಿದರು, ಮಾತ್ರೆ ನುಂಗುವಾಗ ಕೇಳಿದರು. "ಪೂರ್ತಿ ಬ್ಯಾಡಕ್ಕ, ಎರಡು ಸಾಲು!" ಎಂದು ಚೌಕಾಸಿ ಮಾಡಿದರು. ಅವ್ವ ಎರಡು ದಿನ ಮಾತೇ ಬಿಟ್ಟಳು. ಮೂರನೆಯ ದಿನ ಮಾವ ಬ್ಯಾಗು ಕಟ್ಟಿದರು. ಹೊರಡುವಾಗ ಕಾಲಿಗೆ ಬಿದ್ದರೆ ಅವ್ವ, "ಮಾತ್ರೆ ನುಂಗು. ಬಿಸಿಲಾಗೆ ಕಂಡ ಕಂಡ ಒಲೆ ಮುಂದೆ ನಿಂತ್ಕಬ್ಯಾಡ" ಎಂದಳು, ಅಷ್ಟೇ.

ಬಸ್‌ಸ್ಟ್ಯಾಂಡಿಗೆ ಅರ್ಧ ದಾರಿ ಹೋಗಿದ್ದೆವು. ಮಾವ ಜೇಬು ತಡವಿಕೊಂಡು, "ಕನ್ನಡಕ!" ಎಂದರು. ತಿರುಗಿ ಬಂದೆವು. ಬಾಗಿಲು ತೆರೆದಿತ್ತು, ಮಗ್ಗ ನಿಂತಿದ್ದರಿಂದ ಮನೆಯ ಸದ್ದಡಗಿತ್ತು. ಮಾವ ಮಲಗುತ್ತಿದ್ದ ಕೋಣೆಯಿಂದ ಅವ್ವನ ದನಿ ಬರುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಬಾತುಕೋಳಿ ಅಂಚಿನ ಸೀರೆ ಉಟ್ಟು, ಮಡಚಿಟ್ಟ ಚಾಪೆಯ ಮೇಲೆ ಕೈಯಿಟ್ಟು ಕೂತಿದ್ದಳು. ಮೆಲ್ಲಗೆ ಹಾಡುತ್ತಿದ್ದಳು.

"ಚಾಪೆ ಮಡಚೈತೆ, ಮಲಗಿದ್ದ ನೆಲ ಇನ್ನೂ ಬೆಚ್ಚಗೈತೆ, ನನ ತಮ್ಮ
ಕುಡಿದ ಲೋಟ ಇಲ್ಲೇ ಐತೆ, ಕತೆ ಹೇಳೋ ಬಾಯಿ ಬಸ್ಸು ಹತ್ತೈತೆ, ನನ ತಮ್ಮ
ಸೊಂಟದ ಮ್ಯಾಲೆ ಹೊತ್ತೀನೋ, ಶೇಂಗಾ ಸುಲಿದು ಬಾಯಿಗಿಟ್ಟೀನೋ, ನನ ತಮ್ಮ
ಬೈದದ್ದೆಲ್ಲ ಬಾಯಾಗಿಂದು, ಹೊಟ್ಟೆಯಾಗಿಂದು ಬ್ಯಾರೇನೇ ಐತೋ, ನನ ತಮ್ಮ"

ಸಾವಿನ ಮಾತು ಅದರಲ್ಲಿ ಒಂದೂ ಇರಲಿಲ್ಲ. ಎದ್ದುಹೋದವನ ಹಾಡು, ಅಷ್ಟೇ. ಅರಬ್ಬಿಯ ಗಂಧಗಾಳಿಯಿಲ್ಲದ ಅವ್ವ ಖಾಲಿ ಬೀಡಿನ ಮುಂದೆ ಕೂತಿದ್ದಳು, ಒಂದೇ ಪ್ರಾಸ ಹಿಡಿದು ಹೋಗುತ್ತಿದ್ದಳು. ಪದ್ಯ ಕೇಳಿದರೆ ಬೆರಳು ಮಡಚಿ ಛಂದಸ್ಸು ಎಣಿಸುವ ಮಾವ ಅವತ್ತು ಎಣಿಸಲಿಲ್ಲ. ಗೋಡೆಗೆ ಹಣೆ ಕೊಟ್ಟು ನಿಂತಿದ್ದರು. ಕನ್ನಡಕ ಕಿಟಕಿಯಲ್ಲೇ ಇತ್ತು, ಎರಡು ಹೆಜ್ಜೆ ಒಳಗೆ. ನಾನು ಒಳಹೋಗಲು ಕಾಲೆತ್ತಿದೆ. ಮಾವ ನನ್ನ ತೋಳು ಹಿಡಿದು, ಬಾಯಿಯ ಮೇಲೆ ಬೆರಳಿಟ್ಟು, ಹೊರಗೆ ಕರೆತಂದರು.

"ಕನ್ನಡಕ, ಮಾವ?" ಎಂದೆ ಬೀದಿ ತಿರುವಿನಲ್ಲಿ.

"ಇರ್ಲಿ ಬಿಡೋ. ತಗೊಂಡ್ರೆ ನಾನು ಕೇಳ್ದೆ ಅಂತ ಅವಳಿಗೆ ಗೊತ್ತಾಗ್ತೈತೆ" ಎಂದರು.

ಬಸ್ಸು ಬಂತು. ಮಾವ ಬರಿಗಣ್ಣು ಕಿರಿದು ಮಾಡಿ ನೋಡುತ್ತಾ, "ಇದು ಚಳ್ಳಕೆರೆದೇನೋ? ಬೋರ್ಡು ಓದು" ಎಂದರು.

ಓದೋಣವೆಂದರೆ, ನನಗೂ ಕಾಣಿಸಲಿಲ್ಲ.